ಪಡೆದವರು ಸೊನ್ನೆ

ಗಂಟಕ್ಕ ಹುಟ್ಟಾ ಪುಕ್ಕಲಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಆಮೇಲೆ ಯಾರೂ ತಕರಾರು ತೆಗೆಯಬಾರದು. ಮನೆ ಬಿಡುವಾಗ ಒಲೆ ಆರಿಸಿದೆನೋ ಇಲ್ಲವೋ ಎಂದು ಮೂರು ಸಲ ನೋಡುವವಳು. ಬೀಗ ಎಳೆದು ನೋಡಿ, ನಾಲ್ಕು ಹೆಜ್ಜೆ ನಡೆದು, ಮತ್ತೆ ವಾಪಸು ಬಂದು ಎಳೆಯುವವಳು. ನಲವತ್ತಾರು ವರ್ಷವಾಗಿದ್ದರೂ ಒಬ್ಬಳೇ ಲಿಫ್ಟ್ ಹತ್ತಿದವಳಲ್ಲ. ಅವಳ ಸ್ವಂತ ಅಕ್ಕನೇ ಆಡಿಕೊಳ್ಳುತ್ತಿದ್ದಳು: "ಇವಳ ಹತ್ತಿರ ಇವಳ ನೆರಳೂ ಮುಂಚೆ ಹೇಳಿಕಳಿಸಿಯೇ ಬರಬೇಕು ನೋಡಿ."

ಒಂದು ದೊಡ್ಡ ಗಿರಣಿಯ ಟೆಲಿಫೋನ್ ಬೋರ್ಡಿನ ಮುಂದೆ ಹದಿನೆಂಟು ವರ್ಷ ಕೂತವಳು ಅವಳು. ಯಾವ ದನಿ ಯಾರದು, ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ, ಯಾವ ಮ್ಯಾನೇಜರ್ ಫೋನಿನಲ್ಲಿ ಹುಲಿ, ಎದುರಿಗೆ ಇಲಿ, ಎಲ್ಲ ಅವಳಿಗೆ ಬಾಯಿಪಾಠ. ಗಿರಣಿ ಮುಚ್ಚಿತು, ಬೋರ್ಡು ಗುಜರಿಗೆ ಹೋಯಿತು. ಆಮೇಲೆ ಊರಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಹೊಸ ಥರದ ಇಂಟರ್‌ನೆಟ್ಟಿನ ಪ್ರಯೋಗ ಶುರುವಾದಾಗ, ಅದರ ಯಜಮಾನರಾಗಿದ್ದ ಮೇಷ್ಟ್ರು ಇವಳನ್ನು ಕರೆದು ಕೆಲಸ ಕೊಟ್ಟರು. ಕಾಲೇಜಿನ ಹಿಂಭಾಗದಲ್ಲಿ ಮುರಿದ ಬೆಂಚುಗಳನ್ನು ಪೇರಿಸಿಡುತ್ತಿದ್ದ ಕೋಣೆಯೇ ಆಫೀಸು. ಒಂದು ಕಿಟಕಿ, ಎರಡು ಪರದೆ, ಹುಯ್ಯೋ ಎನ್ನುವ ಒಂದು ಫ್ಯಾನು, ಗೋಡೆಯ ಮೇಲೆ ಪ್ರಯೋಗಕ್ಕೆ ಒಪ್ಪಿದ ಹದಿನಾಲ್ಕು ಕಟ್ಟಡಗಳ ಹೆಸರು, ಫೋನ್ ನಂಬರು.

"ಈಗಿನ ಇಂಟರ್‌ನೆಟ್ ನಿನ್ನ ಟೆಲಿಫೋನ್ ಬೋರ್ಡಿನ ಮೊಮ್ಮಗನೇ ಕಣಮ್ಮ," ಎಂದಿದ್ದರು ಮೇಷ್ಟ್ರು ಮೊದಲ ದಿನ. "ಯಾರ ಮನೆ, ಎಷ್ಟನೇ ನಂಬರು ಅಂತ ಗೊತ್ತಿದ್ರೆ ಮಾತ್ರ ಕೆಲಸ ಆಗುತ್ತೆ. ಮುಂದಿನದು ಹಾಗಿರಬಾರದು. ಯಾರು ಅಂತ ಕೇಳಬೇಡ, ಏನು ಅಂತ ಕೇಳು."

ಅಂದರೆ ಹೀಗೆ. ಹೇಳುವವನು ತನ್ನ ವಿಷಯಕ್ಕೊಂದು ಹೆಸರಿಟ್ಟು ಸಾರಿಬಿಡುತ್ತಾನೆ. ಬೇಕಾದವನು ಆ ಹೆಸರಿಗೆ ಮೊದಲೇ ಚಂದಾದಾರನಾಗಿರುತ್ತಾನೆ, ಪತ್ರಿಕೆಗೆ ಆಗುವ ಹಾಗೆ. ನಡುವೆ ಕೂತ ಯಂತ್ರ ಇವರಿಬ್ಬರಿಗೂ ಗಂಟು ಹಾಕುತ್ತದೆ. ಹೇಳಿದವನಿಗೆ ಕೇಳಿದವರು ಯಾರೋ ಗೊತ್ತಿಲ್ಲ. ಕೇಳಿದವನಿಗೆ ಹೇಳಿದವನು ಎಲ್ಲಿದ್ದಾನೋ ಗೊತ್ತಿಲ್ಲ. ನಡುವಿನ ಯಂತ್ರಕ್ಕೂ ಊರು ಕೇರಿ ಕಾಣುವುದಿಲ್ಲ, ವಿಷಯದ ಹೆಸರು ಮತ್ತು ಅದರ ಬಾಲಕ್ಕೆ ಉದ್ದನೆಯ ಅಂಕಿಗಳು, ಅಷ್ಟೇ. ಯಾರ ಗುಟ್ಟೂ ಯಾರಿಗೂ ಸಿಗಬಾರದು ಎಂಬುದು ಮೇಷ್ಟ್ರ ಹಟ. ಆ ಯಂತ್ರ ನೋಡಿಕೊಳ್ಳುವವಳು ಎಂದೇ ಇವಳಿಗೆ ಗಂಟಕ್ಕ ಎಂಬ ಹೆಸರು ಬಂದದ್ದು.

ಯಾರು ಎಂಬುದೇ ಇಲ್ಲದ ಕೆಲಸ ಅವಳಿಗೆ ಮೈಗೆ ಹತ್ತಲಿಲ್ಲ. "ಸಾರ್, ಹೇಳಿದ್ದು ಯಾರಿಗೂ ತಲುಪದೆ ಹೋದ್ರೆ?" ಎಂದು ಕೇಳಿಯೂ ಕೇಳಿದಳು.

"ಯಾರೂ ಚಂದಾ ತಗೊಂಡಿಲ್ಲ ಅಂದ್ರೆ ಯಾರಿಗೂ ಬೇಡ ಅಂತ ತಾನೇ ಅರ್ಥ?" ಎಂದು ನಕ್ಕರು ಮೇಷ್ಟ್ರು. ಅಷ್ಟು ಓದಿದವರು ನಕ್ಕಮೇಲೆ ಇವಳು ಇನ್ನೇನು ಹೇಳಿಯಾಳು?

ಪ್ರತಿ ಸೋಮವಾರ ಒಂದು ಕೆಲಸ ಇರುತ್ತಿತ್ತು. ಅದಕ್ಕೆ ಅವರಿಬ್ಬರೂ ಕಳೆ ಕೀಳುವುದು ಎನ್ನುತ್ತಿದ್ದರು. ಆರು ತಿಂಗಳಿಂದ ಒಂದೇ ಒಂದು ಸುದ್ದಿಯೂ ಹೋಗದ ಚಂದಾಗಳನ್ನು ಅವಳು ಪಟ್ಟಿ ಮಾಡಬೇಕು, ಮೇಷ್ಟ್ರು ಒಂದೊಂದಾಗಿ ನೋಡಬೇಕು, ಆಮೇಲೆ ಕತ್ತರಿಸಬೇಕು. ಆ ಸೋಮವಾರ ಮಧ್ಯಾಹ್ನ ಹೊರಗಿನಿಂದ ದೊಡ್ಡ ಮನುಷ್ಯರು ಪ್ರಯೋಗ ನೋಡಲು ಬರುವವರಿದ್ದರು. ಮೇಷ್ಟ್ರು ಅವರನ್ನು ಕರೆತರಲು ಬೆಳಿಗ್ಗೆಯೇ ಕಾರಿನಲ್ಲಿ ಹೊರಟುಹೋಗಿದ್ದರು. ಪರದೆ ಚೊಕ್ಕವಾಗಿರಲಿ ಎಂದುಕೊಂಡ ಗಂಟಕ್ಕ ತಾನೇ ಕೂತು ಹನ್ನೊಂದು ಚಂದಾ ಕತ್ತರಿಸಿ ಬಿಸಾಡಿದಳು. ಎಲ್ಲದಕ್ಕೂ ಹೆದರುವವಳು ಇದಕ್ಕೆ ಹೆದರಲಿಲ್ಲ ನೋಡಿ! ಸುಮ್ಮನೆ ಬಿದ್ದಿರುವುದನ್ನು ತೆಗೆದರೆ ಯಾರಿಗೇನು ನಷ್ಟ ಎಂಬ ಧೈರ್ಯ.

ಹತ್ತೂಕಾಲಿಗೆ ಪರದೆಯ ಮೇಲೆ ಒಂದು ಸಾಲು ಕೆಂಪಗೆ ಮೂಡಿತು.

"ಅನಿಲ ಸೋರಿಕೆ, ಕೋಣೆ ಮೂರು." ಅದರ ಬಾಲಕ್ಕೆ ಮಾರುದ್ದ ಅಂಕಿಗಳು. ಕೊನೆಯಲ್ಲಿ, "ಪಡೆದವರು: 0."

ಅರ್ಧ ನಿಮಿಷದಲ್ಲಿ ಅದೇ ಸಾಲು ಮತ್ತೆ ಬಂತು. ಮತ್ತೆ ಸೊನ್ನೆ. ಎಲ್ಲೋ ಒಂದು ಯಂತ್ರ ಗಂಟಲು ಹರಿದುಕೊಂಡು ಕೂಗುತ್ತಿದೆ, ಕೇಳಿಸಿಕೊಳ್ಳಬೇಕಾದ ಸೈರನ್ನಿನ ಕಿವಿಯನ್ನು ಇವಳೇ ಬೆಳಿಗ್ಗೆ ಕತ್ತರಿಸಿದ್ದಾಳೆ. ಅಯ್ಯೋ, ಎಂಥ ದಡ್ಡಿ! ಅಪಾಯದ ಸೈರನ್ನು ಆರು ತಿಂಗಳು ಸುಮ್ಮನಿತ್ತೆಂದರೆ ಆರು ತಿಂಗಳು ಅಪಾಯ ಇರಲಿಲ್ಲ ಎಂದರ್ಥ, ಸೈರನ್ನು ಬೇಡ ಎಂದಲ್ಲ. ಅಷ್ಟೂ ಹೊಳೆಯಲಿಲ್ಲವಲ್ಲ!

ಕತ್ತರಿಸಿದ್ದನ್ನು ಮತ್ತೆ ಜೋಡಿಸಲು ಹೋದಳು. ಆಗುವುದಿಲ್ಲ. ಬೇಕಾದವರೇ ಮತ್ತೆ ಚಂದಾ ಕೇಳಬೇಕು, ಸೈರನ್ನಿನಂಥ ಸಣ್ಣ ಯಂತ್ರಗಳು ದಿನಕ್ಕೊಮ್ಮೆ ಮಾತ್ರ ಕೇಳುತ್ತವೆ. ಮೇಷ್ಟ್ರಿಗೆ ಫೋನ್ ಮಾಡಿದಳು, ರಿಂಗಾಗಿ ರಿಂಗಾಗಿ ನಿಂತಿತು.

ಅನಿಲ ಎಂದರೆ ಅವಳಿಗೆ ಗೊತ್ತಿದ್ದದ್ದು ಒಂದೇ ಜಾಗ. ಅವಳ ಅಕ್ಕ ಕೆಲಸ ಮಾಡುತ್ತಿದ್ದ ಕೋಲ್ಡ್ ಸ್ಟೋರೇಜ್. ಅಲ್ಲಿ ತಂಪು ಮಾಡಲು ಅಮೋನಿಯಾ ಹರಿಸುತ್ತಾರೆ, ಅದು ಮೂಗಿಗೆ ಬಿದ್ದರೆ ಹೇಗಿರುತ್ತದೆಂದು ಅಕ್ಕ ಊಟಕ್ಕೆ ಕೂತಾಗಲೆಲ್ಲ ವರ್ಣಿಸಿ ಇವಳ ಹಸಿವು ಕೆಡಿಸುತ್ತಿದ್ದಳು. ಗೋಡೆಯ ಪಟ್ಟಿಯಲ್ಲಿ ಅದೂ ಇದೆ, ಅಲ್ಲಿ ಕೋಣೆ ಮೂರೂ ಇದೆ. ಅಕ್ಕ ಹಣ್ಣಿನ ಪೆಟ್ಟಿಗೆ ಜೋಡಿಸುವುದೂ ಆ ಕೋಣೆಯಲ್ಲೇ. ಕೆಲಸದವರ ಮೊಬೈಲುಗಳೆಲ್ಲ ಹೊರಗಿನ ಕಪಾಟಿನಲ್ಲಿರುತ್ತವೆ. ಆಫೀಸಿನ ಫೋನಿಗೆ ಎರಡು ಸಲ ಮಾಡಿದಳು, ಯಾರೂ ಎತ್ತಲಿಲ್ಲ. ಎತ್ತಲು ಯಾರಾದರೂ ಉಳಿದಿದ್ದರೆ ತಾನೇ ಎಂಬ ಯೋಚನೆ ಬಂದದ್ದೇ, ಅವಳು ಚಪ್ಪಲಿಯನ್ನೂ ಮೆಟ್ಟದೆ ಓಡಿದಳು.

ಹದಿನೈದು ನಿಮಿಷದ ದಾರಿ. ಜೀವ ಬಾಯಿಗೆ ಬಂದಿತ್ತು. ಸಿಗ್ನಲ್ಲಿನಲ್ಲಿ ಒಬ್ಬ ಬಸ್ಸಿನವನು ಬಾಯಿಗೆ ಬಂದಂತೆ ಬೈದ, ಅದೂ ಕೇಳಿಸಲಿಲ್ಲ. ಅಮ್ಮ ಹೋದಮೇಲೆ ಜಡೆ ಹಾಕಿ ಶಾಲೆಗೆ ಕಳಿಸಿದವಳು ಅಕ್ಕ. ಅವಳೊಬ್ಬಳು ಇರಲಿ, ದೇವರೇ, ಅವಳೊಬ್ಬಳು ಇರಲಿ ಎನ್ನುತ್ತ ಓಡಿದಳು. ಅವಳೊಬ್ಬಳು ಎಂದದ್ದು ಆಮೇಲೆ ಬಹಳ ದಿನ ಅವಳ ನೆನಪಿನಲ್ಲಿತ್ತು.

ಕೋಲ್ಡ್ ಸ್ಟೋರೇಜಿನ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ದಪ್ಪ ಕೋಟು, ಕಿವಿಗೆ ಟೋಪಿ, ಕೈಯಲ್ಲಿ ಪೆಟ್ಟಿಗೆಗಳ ಚೀಟಿ. ಗಂಟಕ್ಕ ಅವಳನ್ನು ತಬ್ಬಿಕೊಂಡು ಗೋಳೋ ಎಂದು ಅತ್ತಳು.

"ಏನೇ ಇದು, ಬರಿಗಾಲಲ್ಲಿ! ಯಾರಿಗೆ ಏನಾಯ್ತೇ?"

"ಗ್ಯಾಸು... ಮೂರನೇ ಕೋಣೆ..."

ಫೋರ್ಮನ್ ಅಳತೆಯ ಯಂತ್ರ ಹಿಡಿದು ಮೂರನೇ ಕೋಣೆಗೆ ಹೋಗಿ ಬಂದ. ಏನೂ ಇಲ್ಲ. ಅವರ ಸೈರನ್ನೂ ಸರಿಯಾಗಿಯೇ ಇತ್ತು, ಹೋದ ತಿಂಗಳಷ್ಟೇ ಪರೀಕ್ಷೆಗೆಂದು ಕೂಗಿಸಿದ್ದರಂತೆ. "ನಿಮ್ಮ ಕಾಲೇಜಿನ ಯಂತ್ರಕ್ಕೆ ತಲೆ ಕೆಟ್ಟಿರಬೇಕು ಕಣಕ್ಕ," ಎಂದು ನಕ್ಕ. ಅಕ್ಕನೂ ನಕ್ಕಳು. ಗಂಟಕ್ಕನಿಗೆ ಹೋದ ಜೀವ ಬಂದಂತಾಯಿತು. ಹುಟ್ಟಿದಾಗಿಂದ ಅವಳು ಹೆದರಿದ್ದಕ್ಕೆಲ್ಲ ಜನ ನಕ್ಕಿದ್ದರು, ಹೆದರಿಕೆ ಪ್ರತಿಸಲವೂ ಸುಳ್ಳಾಗಿತ್ತು. ಇದೂ ಹಾಗೇ ಎಂದುಕೊಂಡಳು. ಅಕ್ಕ ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟಳು. ಅರ್ಧ ಸೀರೆಯ ಮೇಲೆ ಚೆಲ್ಲಿತು. ಇನ್ನರ್ಧವನ್ನು ಊದಿ ಊದಿ ಕುಡಿದಳು. ನಕ್ಕಳು ಕೂಡ.

"ನಮ್ಮದಾದ್ರೂ ಪರವಾಗಿಲ್ಲ," ಎಂದಳು ಅಕ್ಕ ಮಾತಿಗೆ. "ನಲವತ್ತು ಜನ ಇರ್ತೀವಿ, ಒಬ್ಬರ ಮೂಗಿಗಾದ್ರೂ ಬಡಿಯುತ್ತೆ. ಹಿಂದಿನ ಬೀದಿ ಈಜುಕೊಳ ನೋಡು, ನೀರಿಗೆ ಹಾಕೋ ಕ್ಲೋರಿನ್ ಸಿಲಿಂಡರ್ ಇಟ್ಕೊಂಡು ಪಂಪಿನಣ್ಣ ಒಬ್ಬನೇ. ಅದೂ ಇವತ್ತು ಸೋಮವಾರ, ರಜ..."

ಗಂಟಕ್ಕನ ಕೈಯಿಂದ ಲೋಟ ಜಾರಿತು. ಈಜುಕೊಳ! ಗೋಡೆಯ ಮೇಲಿನ ಹದಿನಾಲ್ಕರಲ್ಲಿ ಒಂಬತ್ತನೆಯದು.

"ಅಕ್ಕಾ, ಅದು ಸುಳ್ಳಲ್ಲ ಕಣೇ. ನಿಜವೇ. ಅಲ್ಲಿ!"

ಹೊಗಳಲೇಬೇಕಾದರೆ ಇಲ್ಲಿ ಅಕ್ಕನನ್ನು ಹೊಗಳಬೇಕು. ಮರುಮಾತಾಡಲಿಲ್ಲ. ಗೋಡೆಗೆ ನೇತುಹಾಕಿದ್ದ, ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿಕೊಳ್ಳುವ ಎರಡು ಮಾಸ್ಕುಗಳನ್ನು ಎಳೆದು, ಒಂದನ್ನು ಫೋರ್ಮನ್ನನ ಎದೆಗೆ ಎಸೆದು, "ನಡಿಯೋ!" ಎಂದು ಮುಂದೆ ಓಡಿದಳು.

ಈಜುಕೊಳದ ಹಿಂಬದಿಯಲ್ಲಿ ನಾಲ್ಕು ಮೆಟ್ಟಿಲಿಳಿದರೆ ತಗ್ಗಿನ ಕೋಣೆ. ಬಾಗಿಲ ಮೇಲೆ ಸುಣ್ಣದಲ್ಲಿ ಬರೆದ 3. ಅದರ ಮೇಲೆ ಹಳದಿ ಸೈರನ್ನು, ದೂಳು ಹಿಡಿದು, ತೆಪ್ಪಗೆ. ಬಾಗಿಲ ಸಂದಿಯಿಂದ ಮಾಸಲು ಹಸಿರು ಹೊಗೆ ನೆಲಕ್ಕೆ ಅಂಟಿಕೊಂಡು ಹೊರಗೆ ಬರುತ್ತಿತ್ತು. ವಾಸನೆಗೆ ಗಂಟಕ್ಕನ ಕಣ್ಣು ಉರಿದು ನೀರು ಸುರಿಯಿತು. "ಗಾಳಿ ಬರೋ ಕಡೆ ನಿಂತ್ಕೋ, ಕೆಳಗೆ ಬಂದ್ರೆ ಕಾಲು ಮುರಿತೀನಿ," ಎಂದು ಗದರಿ ಅಕ್ಕ ಫೋರ್ಮನ್ನನ ಜೊತೆ ಒಳಗೆ ನುಗ್ಗಿದಳು. ಆ ಎರಡು ನಿಮಿಷ ಗಂಟಕ್ಕ ಹಲ್ಲು ಕಚ್ಚಿಕೊಂಡು ಆ ಬಾಗಿಲನ್ನೇ ನೋಡುತ್ತ ನಿಂತಿದ್ದಳು. ಸೈರನ್ನು ಮಾತ್ರ ಕಿವುಡಾಗಿಯೇ ಇತ್ತು.

ಪಂಪಿನಣ್ಣನನ್ನು ಎಳೆದು ತಂದು ಹುಲ್ಲಿನ ಮೇಲೆ ಮಲಗಿಸಿದರು. ಅರವತ್ತರ ಹತ್ತಿರದ ಮನುಷ್ಯ. ತುಟಿ ನೀಲಿ, ಬಾಯಲ್ಲಿ ನೊರೆ. ಕೈಯಲ್ಲಿ ಸ್ಪ್ಯಾನರ್ ಬಿಗಿಯಾಗಿ ಹಿಡಿದಿದ್ದ, ಬೆರಳು ಬಿಡಿಸಬೇಕಾಯಿತು. ಗ್ಯಾಸು ಬರುವ ತಿರುಪು ಬಿಗಿಮಾಡಲು ಹೋಗಿ ಅಲ್ಲೇ ಕುಸಿದಿದ್ದನೆಂದು ಕಾಣುತ್ತದೆ. ಉಸಿರು ಇತ್ತು, ಗೊರಗೊರ ಎನ್ನುತ್ತಿತ್ತು. ಗಂಟಕ್ಕ ಅದನ್ನೇ ಎಣಿಸುತ್ತ ಆಂಬುಲೆನ್ಸ್ ಬರುವವರೆಗೆ ಪಕ್ಕದಲ್ಲಿ ಕೂತಳು.

ಊರೆಲ್ಲ ಸುದ್ದಿಯಾಯಿತು. ಕಾಲೇಜಿನವಳು ಬರಿಗಾಲಲ್ಲಿ ಓಡಿಬಂದು ಜೀವ ಉಳಿಸಿದಳಂತೆ! ಬಂದ ದೊಡ್ಡ ಮನುಷ್ಯರೂ ತಲೆದೂಗಿದರು. ಮೇಷ್ಟ್ರಿಗೆ ಮಾತ್ರ ಆ ಸಂಜೆಯೇ ಅವಳು ಎಲ್ಲ ಹೇಳಿದಳು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ತಪ್ಪು ನಿನ್ನದೊಂದೇ ಅಲ್ಲ ಕಣಮ್ಮ. ಆರು ತಿಂಗಳು ಅಂತ ಬರೆದವನು ನಾನು," ಎಂದರು. ಆ ರಾತ್ರಿಯೇ ನಿಯಮ ಬದಲಾಯಿತು, ಅಪಾಯದ ಚಂದಾಗಳನ್ನು ಇನ್ನು ಕತ್ತರಿಸುವಂತಿಲ್ಲ. ಆದರೂ ಗಂಟಕ್ಕನಿಗೆ ನಿದ್ದೆ ಬರಲಿಲ್ಲ.

ನಾಲ್ಕನೇ ದಿನ ಆಸ್ಪತ್ರೆಗೆ ಹೋದಳು. ಮೂರನೇ ಮಹಡಿ, ಲಿಫ್ಟಿನ ಮುಂದೆ ನಿಂತು, ಮೆಟ್ಟಿಲು ಹತ್ತಿದಳು. ವಾರ್ಡಿನ ಹೊರಗಿನ ಬೆಂಚಿನಲ್ಲಿ ಪಂಪಿನಣ್ಣನ ಮಗಳು ಕೂತಿದ್ದಳು. ಇಪ್ಪತ್ತೈದರ ಹುಡುಗಿ, ಹೊಲಿಗೆ ಅಂಗಡಿಯ ಕೆಲಸ, ಕೊರಳಲ್ಲಿ ಇನ್ನೂ ಅಳತೆ ಟೇಪು ನೇತಾಡುತ್ತಿತ್ತು. ಇವಳು ಯಾರೆಂದು ಗೊತ್ತಾದದ್ದೇ ಎರಡೂ ಕೈ ಹಿಡಿದುಕೊಂಡಳು.

"ಆಂಟಿ, ನೀವು ಬರದೆ ಇದ್ದಿದ್ರೆ ಅಪ್ಪ ಇರ್ತಿರಲಿಲ್ಲ. ಶ್ವಾಸಕೋಶ ಸುಟ್ಟಿದೆ ಅಂತಾರೆ ಡಾಕ್ಟರು. ಇನ್ಮೇಲೆ ನಾಲ್ಕು ಹೆಜ್ಜೆಗೆ ಏದುಸಿರು ಬರುತ್ತಂತೆ. ಒಂದು ಹತ್ತು ನಿಮಿಷ ಮುಂಚೆ ಸಿಕ್ಕಿದ್ರೆ ಇಷ್ಟಾಗ್ತಿರಲಿಲ್ಲ ಅಂದ್ರು. ಇರಲಿ ಬಿಡಿ, ಜೀವ ಸಿಕ್ಕಿತಲ್ಲ."

ಹತ್ತು ನಿಮಿಷ. ಗಂಟಕ್ಕ ಎದ್ದು ಹೋಗಿಬಿಡಬಹುದಿತ್ತು, ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ.

"ಸೈರನ್ ಕೂಗದ ಹಾಗೆ ಮಾಡಿದ್ದು ನಾನೇ ಕಣಮ್ಮ," ಎಂದಳು. "ಬೇಡದ್ದು ಅಂತ ಬೆಳಿಗ್ಗೆ ಅದರ ಚಂದಾ ಕತ್ತರಿಸಿದೆ. ಎಲ್ಲಿ ಗ್ಯಾಸು ಅಂತ ಗೊತ್ತಾಗಲಿಲ್ಲ. ಗೋಡೆ ಮೇಲೆ ಎಲ್ಲರ ನಂಬರೂ ಇತ್ತು. ಒಂದೊಂದಕ್ಕೂ ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ಮೊದಲು ನಮ್ಮಕ್ಕನ ಹತ್ತಿರ ಓಡಿದೆ."

ಹುಡುಗಿ ಕೈ ಬಿಡಲಿಲ್ಲ. "ನಾನಾದ್ರೂ ಅಪ್ಪನ ಹತ್ತಿರವೇ ಮೊದಲು ಓಡ್ತಿದ್ದೆ," ಎಂದಳು. "ಅಲ್ಲಿಂದ ಸೀದಾ ಬಂದ್ರಲ್ಲ."

"ಇಲ್ಲ," ಎಂದಳು ಗಂಟಕ್ಕ. "ಇಲ್ಲ. ಅಕ್ಕ ಚೆನ್ನಾಗಿದಾಳೆ ಅಂತ ನೋಡಿದ ಮೇಲೆ ಕೂತು ಕಾಫಿ ಕುಡಿದೆ."

"ಎಷ್ಟು ಹೊತ್ತು?"

"ಹತ್ತು ನಿಮಿಷ."

ಹುಡುಗಿ ಹಿಡಿದಿದ್ದ ಕೈ ಬಿಟ್ಟಳು. ಎದ್ದು ವಾರ್ಡಿನೊಳಗೆ ಹೋದಳು, ಬಾಗಿಲು ಮುಚ್ಚಿಕೊಂಡಿತು. ಗಂಟಕ್ಕ ಅಲ್ಲೇ ಕೂತಳು. ಮನೆಗೆ ಹೋಗಲು ಹೆದರಿಕೆ, ಕೂತಿರಲು ಹೆದರಿಕೆ. ನರ್ಸೊಬ್ಬಳು ಎರಡು ಸಲ ಹಾದುಹೋದಳು, ಕಾರಿಡಾರು ಒರೆಸುವವಳು ಕಾಲೆತ್ತಲು ಹೇಳಿದಳು. ಕಾಲೆತ್ತಿದಳು, ಇಳಿಸಿದಳು.

ಬಾಗಿಲು ತೆರೆಯಿತು. ಹುಡುಗಿಯ ಕಣ್ಣು ಕೆಂಪಾಗಿತ್ತು, ಮುಖದಲ್ಲಿ ಸಿಟ್ಟೂ ಇತ್ತು.

"ಅಪ್ಪ ಎಚ್ಚರ ಆದಾಗಿಂದ ಒಂದೇ ಮಾತು ಕೇಳ್ತಿದಾರೆ, ಸೈರನ್ ಯಾಕೆ ಕೂಗಲಿಲ್ಲ ಅಂತ," ಎಂದಳು. "ತಾನೇ ಏನೋ ವೈರು ತಪ್ಪು ಹಾಕಿರಬೇಕು ಅಂದ್ಕೊಂಡು ಕೊರಗ್ತಿದಾರೆ. ನಾನು ಹೇಳಲ್ಲ. ನೀವೇ ಬಂದು ಹೇಳಿ."

ಗಂಟಕ್ಕ ಬೆಂಚಿನ ಕೈ ಹಿಡಿದು ಎದ್ದಳು. ಒಳಗೆ ಆಕ್ಸಿಜನ್ನಿನ ಸದ್ದು, ನಡುವೆ ಆ ಗೊರಗೊರ ಉಸಿರು ಕೇಳುತ್ತಿತ್ತು. ಅವಳು ಒಳಗೆ ಹೋದಳು.