ಪರೀಕ್ಷೆಗಿಟ್ಟ ಕಾಳು

ಸಾತನೂರಿನಲ್ಲಿ ನಮ್ಮ ಪಕ್ಕದ ಮನೆಯಾಕೆಗೆ ಮಗಳನ್ನು ಬಿಎಸ್ಸಿ ಅಗ್ರಿಗೆ ಸೇರಿಸುವ ಹಟ. ರೈತರ ಮಕ್ಕಳ ಕೋಟಾದ ಸೀಟಿಗೆ ಕಾಳು, ಬೀಜ ಗುರುತಿಸುವ ಪರೀಕ್ಷೆಯಿತ್ತು. ಹಾಗಾಗಿ ಆ ಮನೆಯಲ್ಲಿ ಏನು ಕೊಟ್ಟರೂ, "ಏನೂಂತ ಹೇಳ್ಬುಟ್ಟು ತಿನ್ನಿ" ಎನ್ನುತ್ತಿದ್ದರು. ಹೊಲವಿದ್ದರೂ ಹಾರೋಹಳ್ಳಿಯ ಫ್ಯಾಕ್ಟರಿಗೆ ದುಡಿಯಲು ಹೋಗಿ ಹಸಿದು ಬಂದ ಗಂಡನಿಗೂ ವಿನಾಯಿತಿ ಇರಲಿಲ್ಲ.

"ಉಣ್ಣಕ್ಕೂ ಇಂಟರ್‌ವ್ಯೂ ಏನಮ್ಮೀ?" ಎಂದು ಆತ ಗೊಣಗುತ್ತಿದ್ದ.

ಪರೀಕ್ಷೆಯಲ್ಲಿ ಹುಡುಗಿ ಅಂಗೈಗೆ ಬಂದ ಕಾಳನ್ನು ನೋಡಿ "ಹುರುಳಿ" ಎಂದಳು, ಅಭ್ಯಾಸಬಲದಿಂದ ಬಾಯಿಗೆ ಹಾಕಿಕೊಂಡಳು. ಅವಳು ಹೇಳಿದ್ದು ಅಲಸಂದೆ ಎಂದೂ ಇರಬಹುದು. ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಪರೀಕ್ಷಕರು ಗಾಬರಿಯಿಂದ ನೀರು ತರಿಸಿದರಂತೆ.

ಸೀಟು ಸಿಕ್ಕಿದ್ದು ಆಮೇಲಿನ ಮಾತು. ಅಂದು ಎಲ್ಲ ಹಾಳಾಯಿತೆಂದು ಅಳುತ್ತಾ ಬಂದ ಮಗಳನ್ನು ತಾಯಿ ಕೇಳಿದರು:

"ಹೇಳ್ಬುಟ್ಟು ತಾನೆ ತಿಂದಿದ್ದು?"

"ಊಂ."

"ಮತ್ಯಾಕಳ್ತೀಯಾ? ನೀ ತಿಂದಿದ್ದು ಕಾಳ ಕಣವ್ವಾ, ಮಾರ್ಕ್ಸನ್ನಲ್ಲ."