ದಿಂಬಿನ ಮೇಲಿನ ತಗ್ಗು

ಸಾಹಿತಿಗಳು ತೀರಿಕೊಂಡ ಮೇಲೆ ಅವರ ಮನೆಯನ್ನು ನೋಡಲು ದೂರದೂರದಿಂದ ಜನ ಬರತೊಡಗಿದರು. ಅದರ ಕಸ, ಧೂಳು, ಬೀಗದ ಕೈ ಎಲ್ಲ ಅಕ್ಕನ ಪಾಲಿಗೆ ಬಂತು. ಅಕ್ಕ ಎಂದರೆ ಊರಿಗೆಲ್ಲ ಅಕ್ಕ. ಅವಳಪ್ಪನ ವಯಸ್ಸಿನ ಮೇಲ್ವಿಚಾರಕರಿಗೂ ಅಕ್ಕನೇ!

ಬೆಳಿಗ್ಗೆ ಬಾಗಿಲು ತೆರೆಯುವ ಮುಂಚೆ ಅವಳದೊಂದು ಗುಟ್ಟಿನ ಕೆಲಸವಿತ್ತು. ಮೇಜಿನ ಮೇಲೆ ಕನ್ನಡಕ ಬಿಡಿಸಿಡುವುದು, ಕಿಟಕಿ ಅರ್ಧ ತೆಗೆಯುವುದು, ಆಮೇಲೆ ಸಾಹಿತಿಗಳ ಕುರ್ಚಿಯಲ್ಲಿ ತಾನೇ ಆರಾಮಾಗಿ ಕೂತು ಚಹಾ ಕುಡಿಯುವುದು. ಎದ್ದಾಗ ಕುರ್ಚಿಯ ದಿಂಬಿನಲ್ಲಿ ತಗ್ಗು ಉಳಿಯುತ್ತಿತ್ತು. ಬಂದವರು ಕುರ್ಚಿಯ ಸುತ್ತ ಕಟ್ಟಿದ ಹಗ್ಗದಾಚೆ ನಿಂತು, “ಅಬ್ಬಾ, ಈಗ ತಾನೇ ಎದ್ದು ಹೋದ ಹಾಗಿದೆ!” ಎಂದು ಪಿಸುಗುಟ್ಟುವರು. ಅಕ್ಕ ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿ ಧೂಳು ಒರೆಸುವಳು.

ಅವಳ ಮನೆಯಲ್ಲಿ ಗಂಡ, ಅತ್ತೆ, ಮೂರು ಮಕ್ಕಳು. ಕೂತರೆ ಸಾಕು, ಯಾರಾದರೊಬ್ಬರು ಕೂಗಿಯೇ ಕೂಗುತ್ತಾರೆ. ಯಾರೂ ಕೂಗದ ಈ ಒಂದು ಲೋಟ ಚಹಾದ ಹೊತ್ತೆಂದರೆ ಅವಳಿಗೆ ಪಂಚಪ್ರಾಣ.

ಒಂದು ಸಂಜೆ ಮೇಲ್ವಿಚಾರಕರು ಹೇಳಿದರು, “ಅಕ್ಕಾ, ನಾಳೆ ಸಾಹಿತಿಗಳ ಮಗಳು ಬರ್ತಾರಂತೆ. ಆ ಕುರ್ಚಿ ತಗೊಂಡು ಹೋಗ್ತಾರಂತೆ.”

ಅಕ್ಕ ತಿರುಗಿ ಕುರ್ಚಿಯನ್ನೊಮ್ಮೆ ನೋಡಿದಳು. ಹೋಗಲಿ, ಕೊನೆಯ ಸಲ ಕೂತುಬಿಡೋಣ ಎಂದು ಬೆಳಿಗ್ಗೆ ಬೇಗ ಬಂದು ಕೂತಳು. ಚಹಾ ಮುಗಿಸಿ ಏಳುವುದಕ್ಕೂ ಮೇಲ್ವಿಚಾರಕರು ಸಾಹಿತಿಗಳ ಮಗಳನ್ನು ಒಳಗೆ ಕರೆತರುವುದಕ್ಕೂ ಸರಿಹೋಯಿತು.

ಮಗಳು ಹಗ್ಗ ದಾಟಿ ದಿಂಬಿನ ಮೇಲೆ ಕೈಯಿಟ್ಟರು. “ಬೆಚ್ಚಗಿದೆಯಲ್ಲ! ಯಾರು ಕೂತಿದ್ದು?”

ಸತ್ತೆ, ಕೆಲಸ ಹೋಯಿತು ಎಂದುಕೊಂಡಳು ಅಕ್ಕ. ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. “ನಾನೇ ಅಮ್ಮಾ. ದಿನಾ ಕೂರ್ತೀನಿ. ಮನೇಲಿ ಒಂದು ಗಳಿಗೆ ಕೂರೋಕೆ ಬಿಡಲ್ಲ.”

ಮೇಲ್ವಿಚಾರಕರು ಹಣೆ ಚಚ್ಚಿಕೊಂಡರು. “ಏನಕ್ಕಾ ಇದು! ಅಂಥ ದೊಡ್ಡೋರು ಕೂತು ಬರೆದ ಕುರ್ಚಿ!”

“ಯಾರ್ರೀ ಹೇಳಿದ್ದು?” ಮಗಳು ತಿರುಗಿದರು. “ಅಪ್ಪ ಮಂಚದ ಮೇಲೆ ಬೋರಲು ಮಲಗಿ ಬರೀತಿದ್ರು. ಕುರ್ಚಿ ಅಮ್ಮಂದು. ಕೆಲಸ ಮುಗಿಸಿ ಚಹಾ ಹಿಡ್ಕೊಂಡು ಕೂರ್ತಿದ್ಲು, ಅಷ್ಟರಲ್ಲಿ ಅಪ್ಪ ಕೂಗ್ತಿದ್ರು. ಒಂದು ದಿನಾನೂ ಪೂರ್ತಿ ಕುಡೀಲಿಲ್ಲ, ಪಾಪ.”

ಅವರು ಕಿಟಕಿಯ ಪಕ್ಕದಲ್ಲಿದ್ದ ಅಕ್ಕನ ಲೋಟ ಎತ್ತಿ ಒಳಗೆ ನೋಡಿದರು. “ಪೂರ್ತಿ ಕುಡಿದಿದ್ದೀಯಲ್ಲಮ್ಮ,” ಎಂದರು. “ಕುರ್ಚಿ ಇಲ್ಲೇ ಇರಲಿ.”

ಮಾರನೆಯ ದಿನ ಹೊರಗೆ ಜನ ಕಾಯುತ್ತಿದ್ದರು. ಒಳಗೆ ಅಕ್ಕನ ಚಹಾ ಮುಗಿಯುವ ತನಕ ಮೇಲ್ವಿಚಾರಕರು ಬಾಗಿಲು ತೆರೆಯಲಿಲ್ಲ.