ಚಾಚಾರ ಎತ್ತರಕ್ಕೊಂದು ಮೋಟಾರು

ನನ್ನ ಅಪ್ಪ ಹುಮನಾಬಾದಿನಲ್ಲಿ ಡಾಕ್ಟರು. ನಲವತ್ತೊಂಬತ್ತರ ಚಳಿಗಾಲದಲ್ಲಿ ಮುಡಬಿಯಿಂದ ಹೆರಿಗೆ ಕಷ್ಟವಾಗಿದೆಯೆಂದು ಕರೆ ಬಂತು. ಟಾಂಗಾದಲ್ಲಿ ಅಪ್ಪ ಅಲ್ಲಿಗೆ ಮುಟ್ಟುವಷ್ಟರಲ್ಲಿ ತಾಯಿಯೂ ಇರಲಿಲ್ಲ, ಮಗುವೂ ಇರಲಿಲ್ಲ. ಮನೆಗೆ ಬಂದವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ, ಹಳೆಯದಾದರೂ ಸರಿ, ಒಂದು ಮೋಟಾರು ಬೇಕೇ ಬೇಕು ಎಂದರು.

ಮೋಟಾರು ನಡೆಸಲು ಅಪ್ಪನಿಗೂ ಬಾರದು, ನನಗೂ ಬಾರದು. ಬರುತ್ತಿದ್ದುದು ನಮ್ಮ ಓಣಿಯ ಚಾಚಾ ಅವರಿಗೆ. ಇಪ್ಪತ್ತು ವರ್ಷ ಒಬ್ಬ ಜಾಗೀರದಾರರ ಗಾಡಿ ನಡೆಸಿದ್ದರು. ನಿಜಾಮನ ಆಡಳಿತ ಬಿದ್ದಮೇಲೆ ಜಾಗೀರದಾರರು ಗಾಡಿಯ ಸಮೇತ ಹೈದರಾಬಾದಿಗೆ ಹೋದರು. ಚಾಚಾ ಉಳಿದರು. ಆ ಗದ್ದಲದ ದಿನಗಳಲ್ಲಿ ಅವರ ತಮ್ಮ ಕಲ್ಯಾಣದ ರಸ್ತೆಯಲ್ಲಿ ಸತ್ತುಹೋಗಿದ್ದ. ಹೇಗೆ ಸತ್ತನೆಂದು ನನ್ನ ಮುಂದೆ ಯಾರೂ ಬಾಯಿ ಬಿಟ್ಟಿರಲಿಲ್ಲ, ನಾನೂ ಕೇಳಿರಲಿಲ್ಲ. ಚಾಚಾರ ಮನೆಯವರು ಮಾತ್ರ ಈ ಊರೇ ಬೇಡ, ಹೊರಡೋಣ ಎಂದು ಹಗಲೂ ಇರುಳೂ ಅಳುತ್ತಿದ್ದರು.

ಅಪ್ಪ ಮೋಟಾರಿನ ಮಾತೆತ್ತಿದಾಗ ಚಾಚಾ ನಮ್ಮ ಪಡಸಾಲೆಯಲ್ಲಿ ಕೂತು, "ಕೆಲಸ ಸಿಕ್ಕರ ಇಲ್ಲೇ ಇರತೀವ್ರಿ, ಡಾಕ್ಟರ್ ಸಾಬ್. ಇಲ್ಲಂದ್ರ ಹೋಗೋದೇ," ಎಂದರು. ಅಷ್ಟು ಹೇಳಿ ಎದ್ದರು. ಹೊರಡುವಾಗ ಎಂದಿನಂತೆ ನಮ್ಮ ಬಾಗಿಲಲ್ಲಿ ತಲೆ ಬಗ್ಗಿಸಿದರು.

ಅವರು ಆರೂವರೆ ಅಡಿ ಆಳು. ಚಾಚಾ ಕೂತರೂ ನಿಂತಂತೆಯೇ ಕಾಣುತ್ತಾರೆಂದು ಓಣಿಯಲ್ಲಿ ನಗೆಯಾಡುತ್ತಿದ್ದರು. ಅದರ ಮೇಲೆ ಕಪ್ಪು ಕುಚ್ಚಿನ ಕೆಂಪು ರೂಮಿ ಟೋಪಿ. ಹಿಂದೆ ಕಚೇರಿಯ ಹಿಂದೂ ಗುಮಾಸ್ತರೂ ಅದನ್ನೇ ಹಾಕಿಕೊಂಡು ಓಡಾಡುತ್ತಿದ್ದರು. ನಿಜಾಮನ ಆಡಳಿತ ಬಿದ್ದ ಒಂದೇ ವಾರದಲ್ಲಿ ಅದು ಪೇಟೆಯಿಂದ ಮಾಯವಾಗಿತ್ತು. ಚಾಚಾ ಎರಡು ತಿಂಗಳು ಮನೆ ಬಿಟ್ಟು ಹೊರಗೆ ಬರಲಿಲ್ಲ. ಬಂದ ದಿನ ಟೋಪಿ ತಲೆಯ ಮೇಲೆಯೇ ಇತ್ತು.

ಈಗ ಬಸವಕಲ್ಯಾಣ ಎನ್ನುವ ಊರು ಆಗ ನಮ್ಮ ಬಾಯಲ್ಲಿ ಬರೀ ಕಲ್ಯಾಣ. ಅಲ್ಲಿನ ಒಬ್ಬ ವ್ಯಾಪಾರಿಯ ಅಂಗಳದಲ್ಲಿ ಊರು ಬಿಟ್ಟವರ ಎರಡು ಮೋಟಾರು ಮಾರಾಟಕ್ಕಿವೆ ಎಂದು ತಿಳಿಯಿತು. ಮೂವರೂ ಬಸ್ಸು ಹಿಡಿದು ಹೋದೆವು.

ಒಂದು, ತಗಡಿನ ಛಾವಣಿಯ ಚಿಕ್ಕ ಗಾಡಿ. ಇನ್ನೊಂದು, ತೇಪೆ ಹಾಕಿದ ಬಟ್ಟೆಯ ಛಾವಣಿಯ ದೊಡ್ಡ ಮುದಿ ಗಾಡಿ. ಚಾಚಾ ಎರಡನ್ನೂ ಅವಸರವಿಲ್ಲದೆ ನೋಡಿದರು. ಹ್ಯಾಂಡಲ್ ಹೊಡೆದು, ಬಾನೆಟ್ ಎತ್ತಿ, ಕಿವಿ ಹತ್ತಿರ ತಂದು ಇಂಜಿನ್ನಿನ ಸದ್ದು ಕೇಳಿದರು. ಎಣ್ಣೆಯನ್ನು ಬೆರಳಿಗೆ ಹಚ್ಚಿ ತಿಕ್ಕಿದರು. ನೆಲದ ಮೇಲೆ ಮಲಗಿ ಗಾಡಿಯ ಹೊಟ್ಟೆ ನೋಡಿ, ಮಣ್ಣು ಕೊಡವಿಕೊಂಡು ಎದ್ದು ಬಂದರು.

"ಸಣ್ಣದು ತಗೋರಿ. ಇಂಜಿನ್ ಗಟ್ಟಿ ಅದ, ಪೆಟ್ರೋಲ್ ಕಡಿಮಿ ಕುಡೀತದ. ದೊಡ್ಡದರ ಸ್ಪ್ರಿಂಗ್ ಮುರದದ, ಖರ್ಚ ಬರತದ."

ಚಿಕ್ಕದರ ಬೆಲೆಯೂ ನಮ್ಮ ಕೈಗೆ ಎಟುಕುವಂತಿತ್ತು. ಆದರೆ ಚಾಚಾ ಅದರೊಳಗೆ ಕೂತಾಗ ಮೊಳಕಾಲು ಸ್ಟೇರಿಂಗಿಗೆ ತಾಗಿದವು. ಸೀಟು ಹಿಂದಕ್ಕೆ ಸರಿಸಿದರೆ ಆದೀತು ಎಂದು ವ್ಯಾಪಾರಿ ಅಂದ. ಸರಿಸಿದ್ದಾಯಿತು. ಈಗ ತಲೆ. ಟೋಪಿ ತಗಡಿಗೆ ಒತ್ತಿ ಚಾಚಾರ ಕತ್ತು ಒಂದು ಕಡೆಗೆ ವಾಲಿತು. ಹಾಗೆ ಕತ್ತು ವಾಲಿಸಿಕೊಂಡೇ ಅವರು ನಡೆಸಬಲ್ಲೆ ಎನ್ನತೊಡಗಿದರು. ಹಾಗೆ ನಡೆಸಲಾಗದು ಎಂದು ಅಪ್ಪ.

ಆಗ ನನಗೆ ಇಪ್ಪತ್ತೆರಡು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಬಿಸಿಲು ಏರಿತ್ತು, ಹಸಿವಾಗಿತ್ತು, ಒಳ್ಳೆಯ ಗಾಡಿ ಕೈತಪ್ಪುತ್ತಿತ್ತು.

"ಟೋಪಿ ತಗೀರಿ ಚಾಚಾ, ಬರೋಬ್ಬರಿ ಆಗತದ," ಎಂದೆ.

ಚಾಚಾ ನನ್ನನ್ನೇ ನೋಡಿದರು. ಆಮೇಲೆ ಎರಡೂ ಕೈಯಿಂದ ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಅವರ ತಲೆ ಪೂರ್ತಿ ಬೆಳ್ಳಗಾಗಿದೆ ಎಂದು ನನಗೆ ಅಂದೇ ಗೊತ್ತಾದದ್ದು. ತಲೆಗೂ ತಗಡಿಗೂ ನಡುವೆ ನಾಲ್ಕು ಬೆರಳು ಜಾಗ ಬಂತು. ನಾನು ಗೆದ್ದವನ ಹಾಗೆ ಅಪ್ಪನ ಕಡೆ ತಿರುಗಿದೆ. ಅಪ್ಪ ನನ್ನನ್ನು ನೋಡುತ್ತಿರಲಿಲ್ಲ.

"ಚಾಚಾ, ಇಳೀರಿ," ಎಂದರು ಅಪ್ಪ. "ದೊಡ್ಡದೇ ತಗೊಳ್ಳೂಣು."

ಚಾಚಾ ಬೇಡವೆಂದರೂ ಅಪ್ಪ ಕೇಳಲಿಲ್ಲ. ಅಂದು ಸಂಜೆ ಆ ಮುದಿ ಗಾಡಿ ಕುಲುಕುತ್ತ ನಮ್ಮ ಮನೆಯ ಮುಂದೆ ಬಂದು ನಿಂತಿತು. ಚಾಚಾ ಮನೆಗೆ ಹೋದ ಮೇಲೆ ಅಪ್ಪ ನನ್ನನ್ನು ಒಳಗೆ ಕರೆದರು. ಬೈಯುತ್ತಾರೆಂದುಕೊಂಡೆ, ಬೈಯಲಿಲ್ಲ.

"ಅವರ ತಮ್ಮಗೂ ರಸ್ತಾದಾಗ ಅಡ್ಡಗಟ್ಟಿದವರು ಇದೇ ಮಾತು ಅಂದಿದ್ರು. ಟೋಪಿ ತಗಿ ಅಂತ. ಅಂವ ತಗೀಲಿಲ್ಲ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಷ್ಟು ನಾಚಿಕೆ ನನಗೆ ಅದಕ್ಕೆ ಮುಂಚೆ ಆಗಿರಲಿಲ್ಲ, ಆಮೇಲೂ ಆಗಿಲ್ಲ.

ಚಾಚಾ ಊರು ಬಿಡಲಿಲ್ಲ. ಮರುದಿನವೇ ಕೆಲಸಕ್ಕೆ ಬಂದರು, ಬರಿದಲೆಯಲ್ಲಿ. ಗಾಡಿಯ ಬಟ್ಟೆಯ ಛಾವಣಿ ಅವರ ತಲೆಯಿಂದ ಗೇಣು ಮೇಲಿತ್ತು. ಅವರು ನೆಟ್ಟಗೆ ಕೂತು ಮುಡಬಿ, ಮೋರಖಂಡಿ ಎಂದು ಅಪ್ಪನನ್ನು ಹೊತ್ತು ತಿರುಗಿದರು. ಎಷ್ಟೋ ತಾಯಂದಿರು ಉಳಿದರು. ಟೋಪಿ ಮಾತ್ರ ಮತ್ತೆ ಕಾಣಲಿಲ್ಲ. ಅದನ್ನು ಕೇಳುವ ಧೈರ್ಯ ನನಗೆ ಬರಲು ಒಂದು ವರ್ಷ ಹಿಡಿಯಿತು.

ಮೋರಖಂಡಿಯಲ್ಲಿ ಅಪ್ಪ ಒಳಗೆ ರೋಗಿಯನ್ನು ನೋಡುತ್ತಿದ್ದರು. ಚಾಚಾ ಗಾಡಿಯ ನೆರಳಲ್ಲಿ ಕೂತಿದ್ದರು. ನಾನು ಹತ್ತಿರ ಹೋಗಿ ಕೂತೆ.

"ಚಾಚಾ, ಅವತ್ತ ನಾ ಮೋಟಾರದ ಛತ್ತ ತಲಿಗೆ ತಾಗತದಂತ ಅಂದೆ. ಮತ್ತೇನೂ ಮನಸಿನ್ಯಾಗ ಇದ್ದಿಲ್ಲ. ತಪ್ಪಾತು. ಟೋಪಿ ಹಾಕ್ಕೋರಿ."

ಅವರು ನನ್ನ ಬೆನ್ನ ಮೇಲೆ ಕೈ ಇಟ್ಟರು.

"ಗೊತ್ತದ ಬೇಟಾ. ನಿಂದೇನೂ ತಪ್ಪಿಲ್ಲ. ಜೀವದ ಮ್ಯಾಲ ಬಂದಾಗ ನನ್ನ ತಮ್ಮ ತಗೀಲಿಲ್ಲ. ನಾ ಒಂದು ನೌಕರಿ ಸಲುವಾಗಿ ತಗದೆ. ಈಗ ಅದನ್ನ ಯಾವ ಮುಖ ಇಟ್ಟುಕೊಂಡು ಹಾಕ್ಕೊಳ್ಳಲಿ?"